ಬಸವನಹುಳುವಿನ ಮೈಯೊಳಗೆ: ಮೃದ್ವಂಗಿಗಳ ಮೊದಲ ಪಾಠ

ಮಿರಗದ ಮಳೆ ಬಂದು ಗಬ್ಬೂರಿನ ಎರೆ ಹೊಲಗಳು ಹಸಿಯಾದ ಮೇಲೆ, ಬಿಸಿಲು ಏರುವ ಮೊದಲು ಬದುವಿನ ಗುಂಟ ನಿಧಾನವಾಗಿ ನಡೆದು ನೋಡಿ. ಹುಲ್ಲಿನ ಬುಡದಲ್ಲೋ ಕಲ್ಲಿನ ಮಗ್ಗುಲಲ್ಲೋ ಬಸವನಹುಳು ನಿಮಗೆ ಕಾಣಸಿಗುತ್ತದೆ. ಅದನ್ನು ಚಿಕ್ಕಂದಿನಿಂದ ನೋಡಿದ್ದೀರಿ, ಕಡ್ಡಿಯಿಂದ ಮುಟ್ಟಿದ್ದೀರಿ, ಕೊಂಬು ಒಳಗೆ ಸೇರುವುದನ್ನು ಕಂಡು ನಕ್ಕಿದ್ದೀರಿ. ಆದರೆ ಅದರ ಮೈ ಹೇಗೆ ಕೆಲಸ ಮಾಡುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ಕೇಳಿಕೊಂಡಿರುವುದಿಲ್ಲ. ಎಲುಬಿಲ್ಲ, ಕಾಲಿಲ್ಲ, ಮೂಗಿಲ್ಲ. ಆದರೂ ಅದು ನಡೆಯುತ್ತದೆ, ಉಸಿರಾಡುತ್ತದೆ, ಗಟ್ಟಿ ಎಲೆಯನ್ನು ತಿಂದು ಅರಗಿಸಿಕೊಳ್ಳುತ್ತದೆ. ಈ ಲೇಖನದಲ್ಲಿ ಅದನ್ನು ಒಂದೊಂದೇ ಹೆಜ್ಜೆಯಾಗಿ ತಿಳಿಯೋಣ. ನಿಮಗೆ ಜೀವಶಾಸ್ತ್ರ ಗೊತ್ತಿರಬೇಕಾಗಿಲ್ಲ, ಕುತೂಹಲವಿದ್ದರೆ ಸಾಕು.

ಮೊದಲು ನಾಲ್ಕು ವಸ್ತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು, ಬದುವಿನ ಮೇಲಿನ ಬಸವನಹುಳು. ಎರಡು, ಕೆರೆಯ ಕೆಸರಿನಲ್ಲಿ ಸಿಗುವ ಕಪ್ಪೆಚಿಪ್ಪು. ಮೂರು, ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಿನ ಸರದಲ್ಲಿರುವ, ನಾವು ಚೌಕಾಬಾರ ಆಡುವಾಗ ಕೈಯಲ್ಲಿ ಹಿಡಿಯುವ ಕವಡೆ. ನಾಲ್ಕು, ಕಾರವಾರ, ಅಂಕೋಲೆಯ ಕಡೆ ಮೀನಿನ ಪೇಟೆಯಲ್ಲಿ ಮಾರುವ ಬೊಂಡಾಸ. ಉದ್ದನೆಯ ಮೈ, ಬಾಯಿಯ ಸುತ್ತ ಹತ್ತು ತೋಳುಗಳಿರುವ ಸಮುದ್ರಜೀವಿ ಅದು. ಈ ನಾಲ್ಕೂ ಒಂದೇ ವಂಶಕ್ಕೆ ಸೇರಿದವು ಎಂದರೆ ಥಟ್ಟನೆ ನಂಬುವುದು ಕಷ್ಟ. ಆದರೆ ಅದು ನಿಜ. ಪ್ರಾಣಿಶಾಸ್ತ್ರದಲ್ಲಿ ಈ ವಂಶಕ್ಕೆ ಮೃದ್ವಂಗಿಗಳು ಎಂದು ಹೆಸರು. ಮೆತ್ತನೆಯ ಮೈಯುಳ್ಳವು ಎಂದು ಅರ್ಥ. ಇದುವರೆಗೆ ಗುರುತಿಸಿರುವ ಜೀವಂತ ಜಾತಿಗಳೇ 80 ಸಾವಿರದ ಆಸುಪಾಸಿನಲ್ಲಿವೆ. ಇದಕ್ಕಿಂತ ದೊಡ್ಡ ಪ್ರಾಣಿವಂಶ ಒಂದೇ ಒಂದು: ಕೀಟ, ಜೇಡ, ಏಡಿಗಳನ್ನು ಒಳಗೊಂಡ ಸಂಧಿಪದಿಗಳದ್ದು.

ಇವುಗಳನ್ನು ಒಂದುಗೂಡಿಸುವುದು ಚಿಪ್ಪು ಎಂದು ನಿಮಗೆ ಅನಿಸಬಹುದು. ಆದರೆ ಬೊಂಡಾಸಕ್ಕೆ ಹೊರಗೆ ಚಿಪ್ಪಿಲ್ಲ. ಮಳೆಗಾಲದಲ್ಲಿ ಹಸಿ ಗೋಡೆಯ ಮೇಲೆ ಹರಿದಾಡುವ ಸಿಂಬಳದ ಹುಳುವಿಗೂ ಇಲ್ಲ. ಆದರೂ ಅದು ಬಸವನಹುಳುವಿನ ಹತ್ತಿರದ ಬಂಧು. ಆದ್ದರಿಂದ ಚಿಪ್ಪನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮೈಯನ್ನೇ ನೋಡೋಣ.

ಮೃದ್ವಂಗಿಯ ಮೈಯನ್ನು ಮೂರು ಭಾಗವಾಗಿ ತಿಳಿಯಬೇಕು. ಮೊದಲನೆಯದು ಪಾದ, ಅಂದರೆ ಕೆಳಗಿರುವ ಸ್ನಾಯುವಿನ ಗಟ್ಟಿ ಪಟ್ಟಿ. ಬಸವನಹುಳು ಹರಿಯುವಾಗ ನೆಲಕ್ಕೆ ತಾಗುವುದು ಇದೇ. ತಲೆ ಇದರ ಮುಂತುದಿಯಲ್ಲಿದೆ. ಎರಡನೆಯದು ಒಳಾಂಗಗಳ ಗಂಟು. ಹೊಟ್ಟೆ, ಕರುಳು, ಜೀರ್ಣಗ್ರಂಥಿ, ಸಂತಾನದ ಅಂಗಗಳು ಎಲ್ಲವೂ ಬೆನ್ನಿನ ಮೇಲೆ ಒಂದೇ ಕಡೆ ಸೇರಿಕೊಂಡಿರುತ್ತವೆ. ಚಿಪ್ಪಿನ ಸುರುಳಿಯ ಒಳಗೆ ಅಡಗಿರುವುದು ಈ ಗಂಟು. ಮೂರನೆಯದು ಆ ಗಂಟನ್ನು ಮುಚ್ಚಿಕೊಂಡಿರುವ ತೆಳುವಾದ ಚರ್ಮದ ಪದರ. ಪುಸ್ತಕಗಳಲ್ಲಿ ಇದನ್ನು ಮ್ಯಾಂಟಲ್ ಎನ್ನುತ್ತಾರೆ. ನಾವು ಹೊದಿಕೆ ಎನ್ನೋಣ.

ಈ ಹೊದಿಕೆಯ ಅಂಚು ಮೈಗೆ ಪೂರ್ತಿ ಅಂಟಿಕೊಂಡಿರುವುದಿಲ್ಲ. ಅದು ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅದಕ್ಕೂ ಮೈಗೂ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಅದಕ್ಕೆ ಹೊದಿಕೆಯ ಕುಹರ ಎಂದು ಹೆಸರು. ಇಡೀ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡಬೇಕೆಂದರೆ, ಈ ಹೊದಿಕೆ ಮತ್ತು ಅದರ ಅಡಿಯ ಖಾಲಿ ಜಾಗವನ್ನು ನೆನಪಿಡಿ. ಚಿಪ್ಪು ಕಟ್ಟುವುದು ಹೊದಿಕೆ. ಉಸಿರಾಟ ನಡೆಯುವುದು ಕುಹರದಲ್ಲಿ. ಮಲಮೂತ್ರ ಹೊರಗೆ ಹೋಗುವುದೂ ಅದರ ಬಾಗಿಲಿನ ಹತ್ತಿರದಿಂದಲೇ. ಮೃದ್ವಂಗಿಗಳು ಮರದ ಮೇಲೂ ಕೆರೆಯಲ್ಲೂ ಕಡಲಿನ ಆಳದಲ್ಲೂ ಬದುಕಲು ಕಲಿತದ್ದು ಬಹುಮಟ್ಟಿಗೆ ಈ ಒಂದು ಜಾಗವನ್ನು ಬೇರೆಬೇರೆ ಕೆಲಸಕ್ಕೆ ಬಳಸಿಕೊಂಡು ಎಂಬುದು ನನ್ನ ದೃಢವಾದ ತಿಳಿವಳಿಕೆ.

ಈಗ ಚಿಪ್ಪಿಗೆ ಬರೋಣ. ಹೊದಿಕೆಯ ಅಂಚಿನ ಜೀವಕೋಶಗಳು ಮೊದಲು ಪ್ರೋಟೀನಿನ ತೆಳು ಪೊರೆಯನ್ನು ಹೊರಸೂಸುತ್ತವೆ. ಅದರ ಒಳಮಗ್ಗುಲಿಗೆ ಸುಣ್ಣದ ಹರಳುಗಳು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಪದರ ಪದರವಾಗಿ ಕೂಡುತ್ತವೆ. ಚಿಪ್ಪು ಉದ್ದವಾಗುವುದು ಬಾಯಿಯ ಅಂಚಿನಲ್ಲಿ ಮಾತ್ರ. ಹಾಗಾಗಿ ಮೊಟ್ಟೆಯೊಡೆದು ಬಂದ ದಿನ ಮರಿಯ ಮೈಮೇಲಿದ್ದ ಪುಟ್ಟ ಚಿಪ್ಪು ಇಂದಿಗೂ ಸುರುಳಿಯ ತುದಿಯಲ್ಲಿದೆ. ಒಂದು ಖಾಲಿ ಚಿಪ್ಪನ್ನು ಕೈಗೆತ್ತಿಕೊಂಡು ತುದಿಯಿಂದ ಬಾಯಿಯವರೆಗೆ ಉಗುರು ಎಳೆದು ನೋಡಿ. ಅಡ್ಡಕ್ಕೆ ತಾಗುವ ಸಣ್ಣ ಗೆರೆಗಳು ಬೆಳವಣಿಗೆ ನಡೆದ, ನಿಂತ, ಮತ್ತೆ ನಡೆದ ಗುರುತುಗಳು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಬೇಕು. ಬಸವನಹುಳು ಹಳೆಯ ಚಿಪ್ಪನ್ನು ಬಿಟ್ಟು ಹೊಸದಕ್ಕೆ ಹೋಗುತ್ತದೆ ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹೇಳುತ್ತಾರೆ. ಅದು ಸಾಧ್ಯವಿಲ್ಲ. ಒಂದು ಬಲವಾದ ಸ್ನಾಯು ಮೈಯನ್ನು ಚಿಪ್ಪಿನ ನಡುಗಂಬಕ್ಕೆ ಬಿಗಿದು ಹಿಡಿದಿದೆ. ಹುಳು ಒಳಗೆ ಸೇರಿಕೊಳ್ಳುವುದು ಅದೇ ಸ್ನಾಯುವನ್ನು ಬಿಗಿಗೊಳಿಸಿ. ನಿಮಗೆ ಖಾಲಿ ಚಿಪ್ಪು ಸಿಕ್ಕಿದರೆ ಅದರೊಳಗಿದ್ದ ಹುಳು ಸತ್ತಿದೆ ಎಂದೇ ತಿಳಿಯಿರಿ. ಚಿಪ್ಪಿನ ಅಂಚು ಸ್ವಲ್ಪ ಮುರಿದರೆ ಹೊದಿಕೆ ಅದನ್ನು ಮತ್ತೆ ಕಟ್ಟುತ್ತದೆ. ಅದಕ್ಕೆ ಸುಣ್ಣ ಬೇಕು. ಧಾರವಾಡ ಸೀಮೆಯ ಎರೆ ಮಣ್ಣಿನಲ್ಲಿ ಬಿಳಿ ಸುಣ್ಣದ ಹರಳುಗಳನ್ನು ನೀವು ನೋಡಿರುತ್ತೀರಿ. ನೆಲದ ಮೇಲಿನ ಬಸವನಹುಳುಗಳಿಗೆ ಇಂಥ ಮಣ್ಣು ಅನುಕೂಲ. ಸುಣ್ಣ ಬಳಿದ ಗೋಡೆಯನ್ನು ಅವು ಕೆರೆದು ತಿನ್ನುವುದೂ ಇದೇ ಕಾರಣಕ್ಕೆ.

ಕವಡೆ ಏಕೆ ಅಷ್ಟು ನಯವಾಗಿ ಹೊಳೆಯುತ್ತದೆ ಎಂಬ ಪ್ರಶ್ನೆಗೂ ಉತ್ತರ ಹೊದಿಕೆಯಲ್ಲಿದೆ. ಜೀವಂತ ಕವಡೆಯ ಹೊದಿಕೆ ಎರಡೂ ಕಡೆಯಿಂದ ಹೊರಗೆ ಬಂದು ಚಿಪ್ಪಿನ ಬೆನ್ನನ್ನೇ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಹೊರಮೈಗೂ ಹೊಸ ಪದರ ಸಿಗುತ್ತಲೇ ಇರುತ್ತದೆ. ಮರಳು, ಪಾಚಿ ತಾಗುವುದಿಲ್ಲ. ಮುತ್ತು ಕೂಡ ಹೊದಿಕೆಯದೇ ಕೆಲಸ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಅಳಗರಸ್ವಾಮಿಯವರು 1973ರಲ್ಲಿ ತೂತುಕುಡಿಯಲ್ಲಿ ಮುತ್ತು ಬೆಳೆಸಿದರು. ಆ ವಿಧಾನದಲ್ಲಿ ಒಂದು ಸಿಂಪಿಯ ಹೊದಿಕೆಯ ಸಣ್ಣ ಚೂರನ್ನು, ದುಂಡನೆಯ ಮಣಿಯೊಂದಿಗೆ, ಮತ್ತೊಂದು ಸಿಂಪಿಯ ಮೈಯೊಳಗೆ ಇಡುತ್ತಾರೆ. ಚೂರು ಬದುಕಿಕೊಂಡು ಮಣಿಯ ಸುತ್ತ ಹೊಳೆಯುವ ಪದರ ಕಟ್ಟುತ್ತದೆ. ಹೊದಿಕೆಯನ್ನು ಎಲ್ಲಿಟ್ಟರೂ ಅದು ತನ್ನ ಕಸುಬನ್ನು ಮರೆಯುವುದಿಲ್ಲ.

ಇನ್ನು ನಡಿಗೆ. ಇದನ್ನು ಓದಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಒಳ್ಳೆಯದು. ಒಂದು ಸ್ವಚ್ಛವಾದ ಗಾಜಿನ ತುಂಡನ್ನು ನೀರಿನಿಂದ ಒದ್ದೆ ಮಾಡಿ, ಬಸವನಹುಳುವನ್ನು ಅದರ ಮೇಲೆ ಬಿಡಿ. ಬರಿಗೈಯಿಂದ ಹಿಡಿಯಬೇಡಿ, ಎಲೆಯಿಂದ ಎತ್ತಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅದು ಹರಿಯಲು ಶುರು ಮಾಡಿದ ಮೇಲೆ ಗಾಜನ್ನು ಮೇಲೆತ್ತಿ ಕೆಳಗಿನಿಂದ ನೋಡಿ. ಪಾದದ ಉದ್ದಕ್ಕೂ ಕಪ್ಪನೆಯ ಅಡ್ಡಪಟ್ಟಿಗಳು ಹಿಂದಿನಿಂದ ಮುಂದಕ್ಕೆ ಸಾಗುತ್ತಿರುವುದು ಕಾಣುತ್ತದೆ. ಅವು ಸ್ನಾಯುವಿನ ಅಲೆಗಳು. ಪಟ್ಟಿ ಇರುವ ಕಡೆ ಪಾದ ಮುಂದೆ ಸರಿಯುತ್ತಿದೆ, ಪಟ್ಟಿಗಳ ನಡುವೆ ಅದು ನೆಲವನ್ನು ಹಿಡಿದು ನಿಂತಿದೆ.

ಆದರೆ ಪಾದದ ಅಡಿಯಲ್ಲಿ ಇರುವುದು ಒಂದೇ ಲೋಳೆ. ಅದೇ ಲೋಳೆ ಒಂದು ಕಡೆ ಜಾರಲು ಬಿಟ್ಟು ಇನ್ನೊಂದು ಕಡೆ ಹಿಡಿದು ನಿಲ್ಲಿಸುವುದು ಹೇಗೆ? 1980ರಲ್ಲಿ ಮಾರ್ಕ್ ಡೆನ್ನಿ ಎಂಬ ಜೀವವಿಜ್ಞಾನಿ ಇದನ್ನು ಸಿಂಬಳದ ಹುಳುವಿನ ಮೇಲೆ ಪ್ರಯೋಗ ಮಾಡಿ ವಿವರಿಸಿದರು. ಲೋಳೆಯ ಮೇಲೆ ಬೀಳುವ ಒತ್ತಡ ಒಂದು ಮಿತಿಯೊಳಗೆ ಇರುವವರೆಗೆ ಅದು ಘನವಸ್ತುವಾಗಿ ವರ್ತಿಸುತ್ತದೆ. ಮಿತಿ ಮೀರಿದ ಕೂಡಲೇ ದ್ರವವಾಗಿ ಹರಿಯುತ್ತದೆ. ಒತ್ತಡ ಇಳಿದರೆ ಮತ್ತೆ ಗಟ್ಟಿಯಾಗುತ್ತದೆ. ಅಲೆ ಸಾಗುವ ಕಡೆ ದ್ರವ, ಅಲೆಗಳ ನಡುವೆ ಘನ. ಬಸವನಹುಳು ಗೋಡೆಯ ಮೇಲೆ, ತಲೆಕೆಳಗಾಗಿ ಎಲೆಯ ಅಡಿಯಲ್ಲಿ ಕೂಡ ಬೀಳದೆ ನಡೆಯುವುದು ಹೀಗೆ.

ಈ ನಡಿಗೆಗೆ ದೊಡ್ಡ ಬೆಲೆ ತೆರಬೇಕು. ಲೋಳೆಯ ಬಹುಪಾಲು ನೀರು. ಪ್ರತಿ ಗೇಣಿಗೂ ಹುಳು ತನ್ನ ಮೈಯ ನೀರನ್ನು ನೆಲಕ್ಕೆ ಬಿಡುತ್ತಾ ಹೋಗುತ್ತದೆ. ಅದರ ಚರ್ಮಕ್ಕೆ ನೀರನ್ನು ತಡೆದು ಹಿಡಿಯುವ ಶಕ್ತಿಯೂ ಇಲ್ಲ. ನೆಲದ ಮೇಲಿನ ಬಸವನಹುಳುವಿನ ದಿನಚರಿಯನ್ನು ನಿರ್ಧರಿಸುವುದು ಹೊಟ್ಟೆಗಿಂತ ಹೆಚ್ಚಾಗಿ ತೇವ. ರಾತ್ರಿ, ಮುಂಜಾನೆ, ಮಳೆ ನಿಂತ ಹೊತ್ತು ಅದರ ಓಡಾಟದ ಸಮಯ. ಅದರ ಮೇಲೆ ಉಪ್ಪು ಹಾಕಿದಾಗ ಏನಾಗುತ್ತದೆ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ: ಉಪ್ಪು ತೆಳುವಾದ ಚರ್ಮದ ಮೂಲಕ ಮೈಯ ನೀರನ್ನು ಹೊರಗೆ ಸೆಳೆಯುತ್ತದೆ, ಹುಳು ನೀರಿಲ್ಲದೆ ಸಾಯುತ್ತದೆ. ಮಕ್ಕಳು ಆಟಕ್ಕೆಂದು ಹೀಗೆ ಮಾಡುವುದನ್ನು ಕಂಡರೆ ದಯವಿಟ್ಟು ತಡೆಯಿರಿ.

ಉಸಿರಾಟಕ್ಕೆ ಬಂದಾಗ ಹೊದಿಕೆಯ ಕುಹರದ ನಿಜವಾದ ಸೊಗಸು ತಿಳಿಯುತ್ತದೆ. ಗಾಜಿನ ಮೇಲಿರುವ ನಿಮ್ಮ ಬಸವನಹುಳುವನ್ನು ಈಗ ಬಲಗಡೆಯಿಂದ ನೋಡಿ. ಚಿಪ್ಪಿನ ಅಂಚಿನ ಕೆಳಗೆ ಮೆತ್ತನೆಯ ಮೈಯಲ್ಲಿ ಒಂದು ದುಂಡು ತೂತು ಆಗಾಗ ತೆರೆದು ಮುಚ್ಚುತ್ತಿರುತ್ತದೆ. ಅದೇ ಉಸಿರುರಂಧ್ರ. ಒಳಗಿರುವ ಕುಹರದ ಚಾವಣಿಯಲ್ಲಿ ರಕ್ತನಾಳಗಳು ದಟ್ಟವಾಗಿ ಹರಡಿವೆ; ಗಾಳಿಯ ಆಮ್ಲಜನಕ ಅಲ್ಲಿ ರಕ್ತಕ್ಕೆ ಸೇರುತ್ತದೆ. ಅಂದರೆ ಹೊದಿಕೆಯ ಕುಹರ ಇಲ್ಲಿ ಶ್ವಾಸಕೋಶವಾಗಿದೆ. ರಂಧ್ರ ಸದಾ ತೆರೆದಿರದೆ ಆಗಾಗ ಮುಚ್ಚಿಕೊಳ್ಳುವುದು ಏಕೆಂದು ಕೇಳಿದರೆ, ಅದಕ್ಕೂ ನೀರೇ ಉತ್ತರ: ತೆರೆದಷ್ಟು ಹೊತ್ತೂ ತೇವ ಆರುತ್ತದೆ.

ಕೆರೆ, ಹೊಂಡ, ಗದ್ದೆಗಳಲ್ಲಿ ಇರುವ ದುಂಡನೆಯ ದೊಡ್ಡ ಬಸವನಹುಳುವಿಗೆ ಪೈಲಾ ಎಂದು ಶಾಸ್ತ್ರೀಯ ಹೆಸರು. ಪ್ರಾಣಿಶಾಸ್ತ್ರ ಓದಿದ ಭಾರತದ ವಿದ್ಯಾರ್ಥಿಗಳಿಗೆಲ್ಲ ಇದು ಪರಿಚಿತ. ಬೈನಿ ಪ್ರಷಾದ್ ಅವರು 1925ರಲ್ಲಿ ಇದರ ಅಂಗರಚನೆಯನ್ನು ವಿವರವಾಗಿ ಬರೆದ ಮೇಲೆ ತಲೆಮಾರುಗಳು ಇದರಿಂದಲೇ ಮೃದ್ವಂಗಿಯ ಪಾಠ ಕಲಿತಿವೆ. ಪೈಲಾ ಕುಹರವನ್ನು ಎರಡಾಗಿ ಬಳಸುತ್ತದೆ. ಬಲಭಾಗದಲ್ಲಿ ಕಿವಿರು ಇದೆ. ಅದು ಮೀನಿನ ಕಿವಿರಿನ ಕೆಲಸವನ್ನೇ ಮಾಡುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ಎಡಭಾಗದಲ್ಲಿ ಗಾಳಿಯ ಚೀಲವಿದೆ. ಕೆರೆಯ ನೀರು ಬೇಸಿಗೆಯಲ್ಲಿ ಬಗ್ಗಡವಾಗಿ ಆಮ್ಲಜನಕ ಕಡಿಮೆಯಾದಾಗ ಪೈಲಾ ಮೇಲಕ್ಕೆ ಬಂದು, ಮೈಯ ಒಂದು ಮಡಿಕೆಯನ್ನು ಕೊಳವೆಯಾಗಿ ಸುತ್ತಿ ನೀರಿನ ಮೇಲೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಒಣಗುವ ನಮ್ಮ ಬಯಲುಸೀಮೆಯ ಕೆರೆಗಳಿಗೆ ಇದಕ್ಕಿಂತ ಹೊಂದುವ ಏರ್ಪಾಡು ಇನ್ನೊಂದಿಲ್ಲ.

ಕಪ್ಪೆಚಿಪ್ಪಿನ ಕಥೆ ಬೇರೆ. ಅದಕ್ಕೆ ತಲೆಯೇ ಇಲ್ಲ. ಎರಡು ಚಿಪ್ಪುಗಳ ನಡುವೆ ಹೊದಿಕೆಯ ಕುಹರ ಮೈಯ ಬಹುಭಾಗವನ್ನು ಆವರಿಸಿದೆ, ಅದರೊಳಗೆ ಅಗಲವಾದ ಕಿವಿರುಗಳು ಇಳಿಬಿದ್ದಿವೆ. ಕಿವಿರಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ರೋಮಗಳು ಸದಾ ಬಡಿಯುತ್ತಾ ನೀರನ್ನು ಒಂದು ತೂತಿನಿಂದ ಒಳಗೆ ಎಳೆದು ಇನ್ನೊಂದರಿಂದ ಹೊರಗೆ ಬಿಡುತ್ತವೆ. ಉಸಿರಾಟಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ನೀರು ಹೀಗೆ ಹಾದುಹೋಗುತ್ತದೆ. ಯಾಕೆಂದರೆ ಅದೇ ಕಿವಿರು ಊಟವನ್ನೂ ಸೋಸಿ ಹಿಡಿಯುತ್ತದೆ: ನೀರಿನಲ್ಲಿ ತೇಲುವ ಪಾಚಿಯ ಕಣಗಳು ಲೋಳೆಗೆ ಅಂಟಿ ಬಾಯಿಯ ಕಡೆ ಸಾಗುತ್ತವೆ. ಕಪ್ಪೆಚಿಪ್ಪು ನೀರನ್ನು ತಿಳಿಗೊಳಿಸುತ್ತದೆ ಎನ್ನುವುದು ಇದರಿಂದ. ನೀರಿನಲ್ಲಿರುವ ವಿಷಲೋಹಗಳು ಅದರ ಮೈಯಲ್ಲಿ ಶೇಖರವಾಗುವುದೂ ಇದರಿಂದಲೇ. ಚರಂಡಿ ಸೇರುವ ಕೆರೆಯ ಚಿಪ್ಪನ್ನು ತಿನ್ನಬಾರದು.

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬಳಚು, ಚಿಪ್ಪಿಕಲ್ಲು ಆಯುವವರಿಗೆ ಗೊತ್ತಿರುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಚಿಪ್ಪು ಬೇಯಿಸಿದಾಗ ತಾನಾಗಿ ಬಾಯಿ ತೆರೆಯುತ್ತದೆ. ಎರಡು ಚಿಪ್ಪುಗಳನ್ನು ಸೇರಿಸುವ ಬಂಧ ಸದಾ ತೆರೆಯುವ ಕಡೆಗೇ ಒತ್ತುತ್ತಿರುತ್ತದೆ. ಜೀವವಿರುವಾಗ ಸ್ನಾಯು ಅದನ್ನು ಎಳೆದು ಮುಚ್ಚಿ ಹಿಡಿಯುತ್ತದೆ. ಬೆಂದಾಗ ಸ್ನಾಯುವಿನ ಹಿಡಿತ ಹೋಗುತ್ತದೆ, ಬಾಯಿ ತೆರೆಯುತ್ತದೆ. ಮುಚ್ಚುವುದಕ್ಕೆ ಶ್ರಮ ಬೇಕು, ತೆರೆಯುವುದಕ್ಕೆ ಬೇಡ.

ಬೊಂಡಾಸ ಅದೇ ಕುಹರವನ್ನು ಓಟಕ್ಕೆ ಬಳಸಿತು. ಅದರ ಹೊದಿಕೆ ತೆಳು ಪದರವಾಗಿ ಉಳಿದಿಲ್ಲ. ದಪ್ಪ ಸ್ನಾಯುವಿನ ಗೋಡೆಯಾಗಿದೆ. ಊಟಕ್ಕೆ ಬಳೆಬಳೆಯಾಗಿ ಕೊಯ್ಯುವುದು ಈ ಹೊದಿಕೆಯನ್ನೇ. ಕುತ್ತಿಗೆಯ ಸುತ್ತಲಿನಿಂದ ನೀರನ್ನು ಒಳಗೆ ತುಂಬಿಕೊಂಡು, ಅಂಚನ್ನು ಬಿಗಿಯಾಗಿ ಮುಚ್ಚಿ, ಗೋಡೆಯನ್ನು ಒಮ್ಮೆಲೇ ಬಿಗಿದರೆ ನೀರು ತಲೆಯ ಕೆಳಗಿನ ಕಿರಿದಾದ ಕೊಳವೆಯಿಂದ ರಭಸವಾಗಿ ಚಿಮ್ಮುತ್ತದೆ, ಪ್ರಾಣಿ ವಿರುದ್ಧ ದಿಕ್ಕಿಗೆ ಧಾವಿಸುತ್ತದೆ. ಆ ನೀರಿನ ಜೊತೆಗೇ ಕಿವಿರಿಗೆ ಆಮ್ಲಜನಕವೂ ಸಿಗುತ್ತದೆ. ಬದುವಿನ ಬಸವನಹುಳುವಿನಲ್ಲಿ ನಿಧಾನವಾಗಿ ತೆರೆದು ಮುಚ್ಚುವ ತೂತಿನ ಹಿಂದಿರುವ ಜಾಗ, ಕಡಲಿನಲ್ಲಿ ಈ ವೇಗವನ್ನು ಕೊಟ್ಟಿದೆ.

ಊಟದ ವಿಷಯದಲ್ಲಿ ಮೃದ್ವಂಗಿಗಳಿಗೆ ತಮ್ಮದೇ ಆದ ಒಂದು ಸಾಧನವಿದೆ. ಬೇರೆ ಯಾವ ಪ್ರಾಣಿವಂಶದಲ್ಲೂ ಅದು ಇಲ್ಲ. ಬಾಯಿಯೊಳಗೆ ಪಟ್ಟಿಯ ಆಕಾರದ ನಾಲಿಗೆ, ಅದರ ಮೇಲೆ ಸಾಲುಸಾಲಾಗಿ ಸಾವಿರಾರು ಅತಿಸಣ್ಣ ಹಲ್ಲುಗಳು. ಇದಕ್ಕೆ ರಾಡ್ಯುಲಾ ಎಂದು ಹೆಸರು. ತುರಿಮಣೆ ಕೊಬ್ಬರಿಯನ್ನು ತುರಿಯುವ ಹಾಗೆ ಇದು ಎಲೆಯನ್ನು ತುರಿಯುತ್ತದೆ. ಮುಂದಿನ ಹಲ್ಲುಗಳು ಸವೆದಂತೆ ಹಿಂದಿನಿಂದ ಹೊಸ ಸಾಲುಗಳು ಬರುತ್ತಲೇ ಇರುತ್ತವೆ. ಸೋಸಿ ತಿನ್ನುವ ಕಪ್ಪೆಚಿಪ್ಪಿಗೆ ಇದರ ಅಗತ್ಯವಿಲ್ಲ, ಆದ್ದರಿಂದ ಅದಕ್ಕೆ ರಾಡ್ಯುಲಾ ಇಲ್ಲ. ತುರಿದ ಎಲೆ ಹೊಟ್ಟೆ ದಾಟಿ ಸುರುಳಿಯ ತುದಿಯವರೆಗೂ ಹಬ್ಬಿರುವ ಜೀರ್ಣಗ್ರಂಥಿಯಲ್ಲಿ ಅರಗುತ್ತದೆ.

ಕರುಳು ಅಲ್ಲಿಂದ ತಿರುಗಿ ಮುಂದಕ್ಕೆ ಬಂದು ಉಸಿರುರಂಧ್ರದ ಪಕ್ಕದಲ್ಲಿ, ಕುತ್ತಿಗೆಯ ಹತ್ತಿರ ಕೊನೆಗೊಳ್ಳುತ್ತದೆ. ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಬಸವನಹುಳುಗಳ ಭ್ರೂಣ ಬೆಳೆಯುವಾಗ ಒಳಾಂಗಗಳ ಗಂಟು ಪಾದದ ಮೇಲೆ ಸುಮಾರು ಅರ್ಧಸುತ್ತು ತಿರುಗಿಬಿಡುತ್ತದೆ. ಹಿಂದೆ ಇರಬೇಕಾದ ಕುಹರ ಮುಂದೆ ಬರುತ್ತದೆ. ಇದರಿಂದ ಏನು ಲಾಭ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ರಕ್ತದ ಬಗ್ಗೆ ಎರಡು ಮಾತು. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಿರುವ ಹಿಮೋಗ್ಲೋಬಿನ್, ಅದಕ್ಕೇ ಅದು ಕೆಂಪು. ಬಸವನಹುಳು, ಬೊಂಡಾಸಗಳಲ್ಲಿ ಆ ಕೆಲಸ ಮಾಡುವುದು ತಾಮ್ರವಿರುವ ಹಿಮೋಸಯನಿನ್. ಆಮ್ಲಜನಕ ತುಂಬಿದಾಗ ಅದು ತಿಳಿನೀಲಿ. ಬಸವನಹುಳುವಿನ ರಕ್ತ ನಾಳಗಳಲ್ಲೇ ಉಳಿಯದೆ ಅಂಗಗಳ ನಡುವಿನ ಖಾಲಿ ಜಾಗಗಳಿಗೆ ಹರಿದು, ಅವನ್ನು ನೇರವಾಗಿ ತೋಯಿಸಿ ಹೃದಯಕ್ಕೆ ಮರಳುತ್ತದೆ. ಎಲುಬಿಲ್ಲದ ಮೈಗೆ ಬಿಗುವು ಕೊಡುವುದೂ ಈ ರಕ್ತವೇ. ಕೊಂಬು ಹೊರಗೆ ಚಾಚುವುದು ರಕ್ತದ ಒತ್ತಡದಿಂದ, ಒಳಗೆ ಹೋಗುವುದು ಸ್ನಾಯುವಿನ ಎಳೆತದಿಂದ. ಮೇಲಿನ ಎರಡು ಕೊಂಬುಗಳ ತುದಿಯಲ್ಲಿ ಕಣ್ಣುಗಳಿವೆ, ಆದರೆ ಅವು ಬೆಳಕು ನೆರಳನ್ನು ಗುರುತಿಸುವುದಕ್ಕಷ್ಟೇ ಸಾಲುತ್ತವೆ. ಹುಳು ಲೋಕವನ್ನು ಅರಿಯುವುದು ಮುಖ್ಯವಾಗಿ ವಾಸನೆಯಿಂದ. ಓಡುವ ಬೊಂಡಾಸಕ್ಕೆ ಇಷ್ಟು ನಿಧಾನದ ರಕ್ತಸಂಚಾರ ಸಾಲದು. ಅದಕ್ಕೆ ಮುಚ್ಚಿದ ನಾಳಗಳೂ ಮೂರು ಹೃದಯಗಳೂ ಇವೆ. ಎರಡು ಹೃದಯಗಳು ರಕ್ತವನ್ನು ಕಿವಿರುಗಳಿಗೆ ತಳ್ಳುತ್ತವೆ, ಒಂದು ಉಳಿದ ಮೈಗೆ. ಬೊಂಡಾಸದ ಹೊದಿಕೆಗೆ ಹೋಗುವ ನರತಂತು ಅತಿ ದಪ್ಪ. ಆ ತಂತುವಿನ ಮೇಲೆ ಪ್ರಯೋಗ ಮಾಡಿ ನರಗಳಲ್ಲಿ ಸಂದೇಶ ಹೇಗೆ ಸಾಗುತ್ತದೆಂದು ತೋರಿಸಿದ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ನಿಮ್ಮ ನರಗಳ ವಿಜ್ಞಾನಕ್ಕೆ ಒಂದು ಮೃದ್ವಂಗಿ ಅಡಿಪಾಯ ಹಾಕಿದೆ.

ಬೇಸಿಗೆಯಲ್ಲಿ ಎರೆ ಹೊಲ ಬಿರುಕು ಬಿಟ್ಟಾಗ ಬಸವನಹುಳು ಎಲ್ಲಿರುತ್ತದೆ? ಮಣ್ಣಿನೊಳಗೆ, ಕಲ್ಲಿನ ಸಂದಿಯಲ್ಲಿ, ಪೂರ್ತಿ ಚಿಪ್ಪಿನೊಳಗೆ ಸೇರಿಕೊಂಡಿರುತ್ತದೆ. ಚಿಪ್ಪಿನ ಬಾಯಿಗೆ ಲೋಳೆಯ ಪೊರೆಯನ್ನು ಎಳೆದು ಒಣಗಿಸಿ ಮುಚ್ಚಿಕೊಳ್ಳುತ್ತದೆ. ಹೃದಯದ ಬಡಿತ, ಉಸಿರಾಟ ಎರಡೂ ತೀರ ಕಡಿಮೆಯಾಗುತ್ತವೆ. ಮೈಯ ಕಶ್ಮಲವನ್ನು ಮೂತ್ರವಾಗಿ ಬಿಟ್ಟರೆ ನೀರು ಹೋಗುತ್ತದೆಂದು ಯೂರಿಕ್ ಆಮ್ಲದ ಗಟ್ಟಿ ರೂಪದಲ್ಲಿ ಕೂಡಿಡುತ್ತದೆ. ಪೈಲಾಕ್ಕೆ ಪಾದದ ಮೇಲೆಯೇ ಗಟ್ಟಿ ಮುಚ್ಚಳವಿದೆ. ಅದು ಕೆಸರಿನಲ್ಲಿ ಹೂತುಕೊಂಡು ಆ ಮುಚ್ಚಳವನ್ನು ಹಾಕಿಕೊಳ್ಳುತ್ತದೆ. ಇದಕ್ಕೆ ಬೇಸಿಗೆ ನಿದ್ರೆ ಎನ್ನುತ್ತಾರೆ. ಮೊದಲ ಮಳೆಗೆ ಇವೆಲ್ಲ ಒಮ್ಮೆಗೇ ಎದ್ದು ಬರುವುದರಿಂದ ಆಕಾಶದಿಂದ ಬಿದ್ದವೆಂದು ತೋರುತ್ತದೆ.

ಕೊನೆಯದಾಗಿ ಎಚ್ಚರಿಕೆಯ ಮಾತು. ನಿಮಗೆ ಸಿಗುವ ಬಸವನಹುಳು ಅಂಗೈಯಷ್ಟು ಉದ್ದವಿದ್ದು, ಚಿಪ್ಪು ಮೊನಚಾಗಿ ಕಂದು ಪಟ್ಟೆಗಳಿಂದ ಕೂಡಿದ್ದರೆ ಅದು ಆಫ್ರಿಕಾದ ದೈತ್ಯ ಬಸವನಹುಳು ಆಗಿರಬಹುದು. ರೈತರು ಇದನ್ನು ಶಂಖದ ಹುಳು ಎನ್ನುತ್ತಾರೆ. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ತಂದು ಕೋಲ್ಕತ್ತದ ತೋಟವೊಂದರಲ್ಲಿ ಬಿಟ್ಟದ್ದು ಇಂದು ದೇಶದ ಹಲವು ಕಡೆ ಹಬ್ಬಿದೆ. ಕೊಡಗಿನ ಶನಿವಾರಸಂತೆಯ ಕಾಫಿ ತೋಟಗಳಿಗೂ ಕಾಟ ಕೊಟ್ಟಿದೆ. ಪ್ರತಿ ಹುಳುವಿನಲ್ಲೂ ಗಂಡು, ಹೆಣ್ಣು ಎರಡರ ಅಂಗಗಳೂ ಇರುವುದರಿಂದ ಎಲ್ಲವೂ ಮೊಟ್ಟೆಯಿಡಬಲ್ಲವು, ಒಂದು ಸಲಕ್ಕೆ ನೂರಕ್ಕೂ ಹೆಚ್ಚು. ಮನುಷ್ಯರ ಮಿದುಳಿನ ಪೊರೆಗೆ ರೋಗ ತರುವ ಒಂದು ಜಂತುವನ್ನು ಇದು ಹೊತ್ತಿರಬಹುದು. ಬರಿಗೈಯಿಂದ ಮುಟ್ಟಬೇಡಿ ಎಂದದ್ದು ಅದಕ್ಕೆ. ಹೊಲದಲ್ಲಿ ಇದರ ಹಾವಳಿಯಿದ್ದರೆ ಉಪ್ಪು ಸುರಿಯಬೇಡಿ, ಮಣ್ಣು ಕೆಡುತ್ತದೆ. ಇದರ ಮೈಗೆ ತೇವ ಬೇಕು ಎಂಬುದು ನಿಮಗೀಗ ಗೊತ್ತಿದೆ: ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಇಲ್ಲವೇ ಕೋಸಿನ ಎಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಬಂದು ಕೂಡುತ್ತವೆ, ಕೈಗವಸು ಹಾಕಿಕೊಂಡು ಆರಿಸಿ ನಾಶ ಮಾಡಬಹುದು. ನಮ್ಮ ನಾಡಿನ ಸಣ್ಣ ಬಸವನಹುಳುಗಳನ್ನು ಮಾತ್ರ ಇದರೊಂದಿಗೆ ಸೇರಿಸಿ ಕೊಲ್ಲಬೇಡಿ. ಅವು ಬಿದ್ದ ಎಲೆಯನ್ನು ತಿಂದು ಮಣ್ಣಿಗೆ ಸೇರಿಸುವವು.

ಈಗ ಒಂದು ಕೆಲಸ ಮಾಡಿ. ಹಾಳೆಯ ಮೇಲೆ ಬಸವನಹುಳು, ಪೈಲಾ, ಕಪ್ಪೆಚಿಪ್ಪು, ಬೊಂಡಾಸಗಳ ಚಿತ್ರವನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಚಂದ ಬರದಿದ್ದರೂ ಚಿಂತೆಯಿಲ್ಲ. ನಾಲ್ಕರಲ್ಲೂ ಹೊದಿಕೆಯನ್ನು ಒಂದೇ ಬಣ್ಣದಿಂದ, ಕುಹರವನ್ನು ಇನ್ನೊಂದು ಬಣ್ಣದಿಂದ ತುಂಬಿ. ಆಮೇಲೆ ಪಾದ ಎಲ್ಲಿದೆ ಎಂದು ಹುಡುಕಿ. ಬೊಂಡಾಸದಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ನೀರು ಚಿಮ್ಮುವ ಆ ಕೊಳವೆ ಪಾದದಿಂದಲೇ ಆದದ್ದು ಎಂಬ ಸುಳಿವು ಕೊಟ್ಟಿರುತ್ತೇನೆ, ಉಳಿದದ್ದನ್ನು ನೀವೇ ಹುಡುಕಿಕೊಳ್ಳಿ.